ಖಾಲಿ ಉಳಿದ ಗೆರೆ

ಹಿಂದೂಪುರದಲ್ಲಿ ಇಂಗ್ಲಿಷ್ ಕಲಿಸುತ್ತಿದ್ದ ತಿಪ್ಪೇರುದ್ರಪ್ಪ ಮೇಷ್ಟ್ರ ಬಳಿ ರಟ್ಟು ಕಟ್ಟಿದ ಪುಸ್ತಕವೊಂದಿತ್ತು. ನೋಡಲು ಒಂದೇ ಮನೆಯ ಮಕ್ಕಳಂತಿರುವ ಇಂಗ್ಲಿಷ್ ಪದಗಳನ್ನು ಅದರಲ್ಲಿ ಜೋಡಿಯಾಗಿ ಬರೆದು, ಒಂದೊಂದಕ್ಕೂ ಊರಿನದೇ ವಾಕ್ಯ ಕೊಡುತ್ತಿದ್ದರು. ಅಲೋನ್ ಎಂದರೆ ಜೊತೆಗೆ ಯಾರೂ ಇಲ್ಲದಿರುವುದು: ದಾಸಣ್ಣ ಪರಿಗಿ ಕೆರೆಯ ಏರಿಯ ಮೇಲೆ ಒಬ್ಬನೇ ಕುಳಿತು ಹಾಡಿಕೊಳ್ಳುತ್ತಾನೆ. ಲೋನ್ಲಿ ಎಂದರೆ ಬೇಕಾದವರಿಲ್ಲವೆಂದು ಮನಸ್ಸು ನೋಯುವುದು. ಅದರ ಮುಂದಿನ ಗೆರೆ ಖಾಲಿಯಿತ್ತು.

ಮದುವೆಯಾದ ಮೊದಲ ಆಷಾಢಕ್ಕೆ ಕಲ್ಯಾಣದುರ್ಗದ ತವರಿಗೆ ಹೋದ ಹೆಂಡತಿ ದ್ರಾಕ್ಷಾಯಣಮ್ಮ ಮರಳಿರಲಿಲ್ಲ. ಶ್ರಾವಣ ಕಳೆಯಿತು, ದೀಪಾವಳಿಯೂ ಕಳೆಯಿತು. ಬಾ ಎಂದು ಮೇಷ್ಟ್ರು ವಾರಕ್ಕೊಂದು ಕಾಗದ ಬರೆದರು. ಉತ್ತರದಲ್ಲಿ ಎಲ್ಲರ ಕ್ಷೇಮವಿರುತ್ತಿತ್ತು, ಬರುವ ಮಾತಿರುತ್ತಿರಲಿಲ್ಲ. ತನ್ನನ್ನು ಒಲ್ಲಳೇನೋ ಎಂದು ಸೊರಗಿದರು. ದಿನವೂ ಎರಡು ತಟ್ಟೆ ತೊಳೆದಿಟ್ಟು ಒಂದರಲ್ಲಿ ಉಣ್ಣುತ್ತಿದ್ದರು.

ಮಜ್ಜಿಗೆ ಮಾರುವ ಮುನಿಯಕ್ಕ ಒಂದು ದಿನ ಕೇಳಿಯೇಬಿಟ್ಟಳು. "ಅಮ್ಮಾವ್ರನ್ನ ಕರಿಯಾಕೆ ಯಾರು ಹೋಗಿದ್ರು ಮೇಷ್ಟ್ರೇ?"

"ಕಾಗದ ಬರೀತಾನೇ ಇದ್ದೀನಲ್ಲ ಮುನಿಯಕ್ಕ."

"ಅಯ್ಯೋ ರಾಮುಡಾ! ಕಾಗದ ಹೋಗಿ ಹೂ ಮುಡಿಸ್ತದಾ? ಮಡ್ಲು ತುಂಬ್ತದಾ? ಇಂಗ್ಲೀಸು ಓದಿ ಕೆಟ್ರಿ ಕಣಪ್ಪ. ಗಂಡನ ಮನೆಯೋರು ಬಂದು ಕರೀದೆ, ಮಾನ ಇರೋ ಹೆಣ್ಣು ಹೊಸ್ಲು ದಾಟ್ತಾಳಾ?"

ಹೆತ್ತವರನ್ನು ಎಳವೆಯಲ್ಲೇ ಕಳೆದುಕೊಂಡ ಮೇಷ್ಟ್ರಿಗೆ ಇದನ್ನು ಹೇಳುವವರೇ ಇರಲಿಲ್ಲ. "ನಮ್ಮನೇಲಿ ಹೆಂಗಸರು ಯಾರಿದ್ದಾರೆ?"

"ನಾನೇನು ಗಂಡ್ಸಾ? ಬತ್ತೀನಿ, ನಡೀರಿ."

ಯುದ್ಧದ ಕಾಲ, ಪೆಟ್ರೋಲ್ ಸಿಗದೆ ಇದ್ದಿಲಿನಿಂದ ಓಡುವ ಬಸ್ಸು ದಾರಿಯ ಸೋಮಂದೇಪಲ್ಲಿಯಲ್ಲೇ ಎರಡು ಸಲ ಕೆಟ್ಟು ನಿಂತಿತು. ಗುರುವಾರ ಸಂಜೆ ಕಲ್ಯಾಣದುರ್ಗ ಮುಟ್ಟಿದರು. ಮಾವನ ಮನೆಯ ಬಾಗಿಲ ಪಕ್ಕದಲ್ಲೇ ಬೀಗ ಹಾಕಿದ ತಗಡಿನ ಪೆಟ್ಟಿಗೆಯಿತ್ತು.

"ಶ್ರಾವಣದಿಂದ ಅಲ್ಲೇ ಐತೆ," ಎಂದರು ಮಾವ ಕರಿಸಿದ್ದಪ್ಪ. "ಒಳಗೆ ಎತ್ತಿಡಾಕೆ ನಿಮ್ಮ ಹೆಂಡ್ತಿ ಬಿಡಲ್ಲ ಕಣಪ್ಪ."

ಮುನಿಯಕ್ಕ ಹೂ ಮುಡಿಸಿ ಮಡಿಲು ತುಂಬಿದಳು. ಮರುದಿನ ಶುಕ್ರವಾರ, ಮನೆಮಗಳನ್ನು ಕಳಿಸುವಂತಿಲ್ಲ. ಶನಿವಾರದ ಬಸ್ಸೆಂದು ತೀರ್ಮಾನವಾಯಿತು. ನೀರಿನ ಚೆಂಬು ತಂದಿಟ್ಟು ದ್ರಾಕ್ಷಾಯಣಮ್ಮ ಮೆಲ್ಲನೆ ಹೇಳಿದಳು: "ಇಪ್ಪತ್ತು ಕಾಗದ ಬರ್ದ್ರಿ. ಒಂದ್ರಲ್ಲಾದ್ರೂ ನಾನೇ ಕರಿಯಾಕೆ ಬತ್ತೀನಿ ಅಂತ ಐತೇನೋ ಅಂತ ಹುಡುಕ್ದೆ."

ಮೇಷ್ಟ್ರು ಬಾಯಿ ತೆರೆಯುವಷ್ಟರಲ್ಲಿ ಅವಳು ಒಳಗೆ ಹೋಗಿದ್ದಳು.

ಊಟದ ಸಾಲಿನಲ್ಲಿ ಹತ್ತು ಜನರಿದ್ದರು. ಹೊಸ ಅಳಿಯನನ್ನು ರೇಗಿಸುತ್ತಾ ಎಲ್ಲರೂ ನಗುತ್ತಿದ್ದರು. ಮೇಷ್ಟ್ರ ಕಿವಿಯೆಲ್ಲ ಅಡಿಗೆಮನೆಯ ಬಳೆಗಳ ಸದ್ದಿನ ಕಡೆಗಿತ್ತು. ಲೋನ್ಲಿಯ ಮುಂದಿನ ಖಾಲಿ ಗೆರೆಗೆ ಬೇಕಾದ ವಾಕ್ಯ ಆ ಹತ್ತು ಜನರ ನಡುವೆಯೇ ಸಿಕ್ಕಿತು, ಬರೆಯುವ ಮನಸ್ಸಾಗಲಿಲ್ಲ.

ಶನಿವಾರ ಬೆಳಿಗ್ಗೆ ಆ ಪೆಟ್ಟಿಗೆಯನ್ನು ಯಾರಿಗೂ ಮುಟ್ಟಗೊಡದೆ, ಬಸ್ಸು ನಿಲ್ಲುವ ಜಾಗದ ತನಕ ಮೇಷ್ಟ್ರೇ ತಲೆಯ ಮೇಲೆ ಹೊತ್ತು ನಡೆದರು.