ಶಿವಪಾರ್ವತಿಯರ ಬೈಂಡ್ ಹಾಕಿದ ಕೊಲೆ ಕಥೆ

ಇಂಗ್ಲಿಷ್ ಪ್ರೇಮ ಕಾದಂಬರಿ, ಕೊಲೆ ಕಾದಂಬರಿ ಓದುವುದು ನನ್ನ ಚಟ. ಜ್ಞಾನಕ್ಕೂ ಅಲ್ಲ, ಇಂಗ್ಲಿಷ್ ಸುಧಾರಿಸಲಿಕ್ಕೂ ಅಲ್ಲ, ಬರೀ ಖುಷಿಗೆ. ತರೀಕೆರೆಯಿಂದ ಕಡೂರಿನ ಆಫೀಸಿಗೆ ಬಸ್ಸಿನಲ್ಲಿ ಹೋಗಿಬರುವಾಗ ಓದುತ್ತೇನೆ. ತೊಂದರೆ ಇರುವುದು ರಕ್ಷಾಪುಟದಲ್ಲಿ. ಅಲ್ಲಿ ಅಂಗಿಯ ಗುಂಡಿ ಬಿಚ್ಚಿದ ಗಂಡಸೊಬ್ಬ ಹೆಂಗಸನ್ನು ಎತ್ತಿಕೊಂಡು ನಿಂತಿರುತ್ತಾನೆ. ಪಕ್ಕದ ಸೀಟಿನವರು ಮೊದಲು ಅವನನ್ನು ನೋಡುತ್ತಾರೆ, ಆಮೇಲೆ ನನ್ನ ಬಿಳಿ ಕೂದಲನ್ನು. ಅದಕ್ಕೇ ಶಾಲೆಯ ಪುಸ್ತಕಕ್ಕೆ ಹಾಕುವ ಹಾಗೆ ಹಳೇ ಕ್ಯಾಲೆಂಡರ್ ಹಾಳೆಯಲ್ಲಿ ಬೈಂಡ್ ಹಾಕುತ್ತೇನೆ, ಬಿಳಿ ಮಗ್ಗುಲು ಹೊರಗೆ ಬರುವಂತೆ.

ಆ ಸಲ ಅವಸರದಲ್ಲಿ ಚಿತ್ರದ ಮಗ್ಗುಲು ಹೊರಗೆ ಬಂತು. ಶಿವ, ಪಾರ್ವತಿ.

ಶನಿವಾರ ಮಧ್ಯಾಹ್ನ ಮನೆಗೆ ಬಂದು ನೋಡಿದರೆ ಬೆಳಿಗ್ಗೆ ಸೋಫಾದ ಮೇಲೆ ಮರೆತು ಹೋಗಿದ್ದ ಪುಸ್ತಕವೇ ಇಲ್ಲ. ಕೊನೆಯ ಕೆಲವೇ ಪುಟ ಬಾಕಿ, ಕೊಲೆಗಾರ ಇನ್ನೂ ಸಿಕ್ಕಿರಲಿಲ್ಲ.

“ಅತ್ತೆ, ನನ್ ಪುಸ್ತಕ ನೋಡಿದ್ರಾ?”

“ದೇವ್ರ ಪುಸ್ತಕಾನ ಕೂತ್ಕೊಳೋ ಜಾಗದಲ್ಲಿ ಬಿಸಾಕ್ತಾರೇನೇ? ಒಳಗಿಟ್ಟಿದೀನಿ.”

ದೇವರ ಮನೆಯಲ್ಲಿ ವಿಭೂತಿ ಹಚ್ಚಿಸಿಕೊಂಡು, ಕಣಗಿಲೆ ಹೂ ಮುಡಿದುಕೊಂಡು ನನ್ನ ಕೊಲೆ ಕಾದಂಬರಿ ಕೂತಿತ್ತು. ನಿಜ ಹೇಳೋಣ ಅಂದುಕೊಳ್ಳುವಷ್ಟರಲ್ಲಿ ಅಜ್ಜಂಪುರದಿಂದ ಚಿಕ್ಕತ್ತೆ, ಅಂದರೆ ಅತ್ತೆಯ ತಂಗಿ, ಬಂದಿಳಿದರು.

ಅಕ್ಕತಂಗಿಯರದು ಹಳೇ ಪೈಪೋಟಿ. ಚಿಕ್ಕತ್ತೆಯ ಸೊಸೆಗೆ ವಚನಗಳೆಲ್ಲ ಬಾಯಿಪಾಠ. ಬಂದಾಗಲೆಲ್ಲ “ನಿನ್ ಸೊಸೆಗೆ ಆಫೀಸು ಬಿಟ್ರೆ ಇನ್ನೇನ್ ಗೊತ್ತಕ್ಕಾ?” ಅನ್ನದೆ ಹೋದವರಲ್ಲ. ಅತ್ತೆ ಪ್ರತಿ ಸಲವೂ ನುಂಗಿಕೊಳ್ಳುತ್ತಿದ್ದರು. ಅವತ್ತು ನುಂಗಲಿಲ್ಲ.

“ನನ್ ಸೊಸೆ ದಿನಾ ಬಸ್ಸಲ್ಲೇ ಪಾರಾಯಣ ಮಾಡ್ತಾಳೆ ಕಣೇ. ನೋಡು!” ಎಂದು ಪುಸ್ತಕ ತಂದು ತಂಗಿಯ ಕೈಗಿಟ್ಟರು.

ಚಿಕ್ಕತ್ತೆ ಕಣ್ಣಿಗೊತ್ತಿಕೊಂಡು ತೆರೆದರು. “ಇದೇನಕ್ಕಾ, ಇಂಗ್ಲಿಷು!”

ಅತ್ತೆ ನನ್ನ ಮುಖ ನೋಡಿದರು. ನೋಡಿದ ತಕ್ಷಣ ಅವರಿಗೆ ಗೊತ್ತಾಗಿಹೋಯಿತು, ಮುಖ ಸಣ್ಣದಾಯಿತು. ಆದರೂ “ಈಗೆಲ್ಲ ಇಂಗ್ಲಿಷಲ್ಲೇ ಬತ್ತಾವೆ” ಎಂದರು.

“ಹೌದಾ? ಹಂಗಾರೆ ಒಂಚೂರು ಹೇಳಮ್ಮ, ಕೇಳಾನ.”

ಬಾಯಿಗೆ ಬಂದ ಪುರಾಣ ಹೇಳಬಹುದಿತ್ತು. ಆದರೆ ಚಿಕ್ಕತ್ತೆಗೆ ಪುರಾಣ ನನಗಿಂತ ಚೆನ್ನಾಗಿ ಗೊತ್ತು. ಸುಳ್ಳು ಸಿಕ್ಕಿಬಿದ್ದರೆ ಮರ್ಯಾದೆ ಹೋಗುವುದು ಅತ್ತೆಯದು. ಇರುವ ಕಥೆಯನ್ನೇ ಶುರುಮಾಡಿದೆ.

“ಒಂದು ದೊಡ್ ಮನೆ ಚಿಕ್ಕತ್ತೆ. ಯಜಮಾನ ಬೆಳಿಗ್ಗೆ ಎದ್ದೇ ಇಲ್ಲ. ಯಾರೋ ಹಾಲಿಗೆ ವಿಷ ಹಾಕವ್ರೆ. ಹೆಂಡ್ತಿಗೆ ಚಿಕ್ಕ ವಯಸ್ಸು. ಊರಿನ ಡಾಕ್ಟ್ರಿಗೆ ಅವಳ ಮೇಲೆ ಪ್ರೀತಿ.”

ಚಿಕ್ಕತ್ತೆ ಕಾಫಿ ಲೋಟ ಕೆಳಗಿಟ್ಟರು. ಬೈಯುತ್ತಾರೆ ಅಂದುಕೊಂಡೆ.

“ಜಮೀನು ಯಾರ ಹೆಸ್ರಿಗೆ ಖಾತೆ ಆಯ್ತು?”

“ಸತ್ತೋನ ತಮ್ಮನ ಹೆಸ್ರಿಗೆ.”

“ಹಂಗಾರೆ ಅವ್ನೇ ಬಿಡು.”

“ಸುಮ್ನಿರೇ, ಡಾಕ್ಟ್ರು ಕಣೇ,” ಎಂದರು ಅತ್ತೆ. “ವಿಷ ಅವ್ನತ್ರ ಇಲ್ದೆ ಇನ್ಯಾರತ್ರ ಇರುತ್ತೆ?”

“ಪ್ರೀತ್ಸೋನು ಕೊಲ್ತಾನೇನಕ್ಕಾ?”

“ಇನ್ಯಾರ್ ಕೊಲ್ತಾರೆ ಮತ್ತೆ?”

ಅಜ್ಜಂಪುರದ ಬಸ್ಸೊಂದು ಹೋಯಿತು, ಇನ್ನೊಂದೂ ಹೋಯಿತು. ನಾನು ಓದಿದಷ್ಟೂ ಮುಗಿಯಿತು.

“ಆಮೇಲೆ?”

“ನಂಗೂ ಗೊತ್ತಿಲ್ಲ ಚಿಕ್ಕತ್ತೆ. ಅಷ್ಟ್ರಲ್ಲಿ ಪುಸ್ತಕ ದೇವ್ರ ಮನೆ ಸೇರ್ತು.”

ಇದು ಪಾರಾಯಣ ಹೌದೋ ಅಲ್ಲವೋ ಎಂದು ಚಿಕ್ಕತ್ತೆ ಕೇಳಲೇ ಇಲ್ಲ. ಚಪ್ಪಲಿ ಮೆಟ್ಟಿಕೊಳ್ಳುತ್ತ, “ನನ್ ಸೊಸೆ ವಚನ ಎಲ್ಲ ದೇವ್ರಿಗೇ ಹೇಳ್ತಾಳೆ ಅಕ್ಕಾ. ನನ್ ಜೊತೆ ಹಿಂಗೆ ಕೂತು ಒಂದಿನ ಮಾತಾಡ್ಲಿಲ್ಲ,” ಎಂದರು. “ಮುಂದಿನ ಶನಿವಾರ ಬತ್ತೀನಿ. ಯಾರು ಅಂತ ತಿಳ್ಕಂಡೇ ಹೋಗದು.”

ಅತ್ತೆ ಗೇಟು ಹಾಕಿ ಬಂದಾಗ ಅವರ ನಡಿಗೆಯೇ ಬೇರೆಯಿತ್ತು. ಬಂದವರೇ ಶಿವಪಾರ್ವತಿಯರನ್ನು ಹುಷಾರಾಗಿ ಬಿಚ್ಚಿ ಕಣ್ಣಿಗೊತ್ತಿಕೊಂಡರು. ಅಡಿಯಲ್ಲಿದ್ದ ಗಂಡಸನ್ನು ತುಸು ಹೊತ್ತು ನೋಡಿದರು.

“ಇವ್ನೇನಾ ಡಾಕ್ಟ್ರು?”

“ಹೂಂ.”

“ನಾನ್ ಹೇಳ್ಲಿಲ್ವಾ!”

ಆಮೇಲೆ ಅದಕ್ಕೆ ನ್ಯೂಸ್ ಪೇಪರಿನ ಬೈಂಡ್ ಹಾಕಿ, ಮತ್ತೆ ದೇವರ ಮನೆಯತ್ತ ಹೊರಟರು.

“ಮತ್ತೆ ಅಲ್ಲಿಗ್ಯಾಕತ್ತೆ?”

“ಅವ್ಳು ಬರೋತಂಕ ಅಲ್ಲೇ ಇರ್ಲಿ. ನೀನೊಬ್ಳೇ ಬಸ್ಸಲ್ಲಿ ಓದ್ಬಿಟ್ರೆ?”