ಬಂಗಾರೆವ್ವ ಹೇಳಿದ ಜಪಾನಿ ಸಿನಿಮಾ

ಗದಗಿನ ಟಾಕೀಸೊಂದರಲ್ಲಿ ಇಪ್ಪತ್ತೆರಡು ವರ್ಷ ಹೆಂಗಸರ ಬಾಗಿಲಿಗೆ ನಿಂತು ಟಿಕೀಟು ಹರಿದಿದ್ದರೂ ಬಂಗಾರೆವ್ವ ಒಂದು ಸಿನಿಮಾವನ್ನೂ ಪೂರ್ತಿ ನೋಡಿದವಳಲ್ಲ. ಬಾಗಿಲ ಪರದೆಯಾಚೆಯಿಂದ ಮಾತು ಕೇಳುತ್ತಿತ್ತು, ಚಿತ್ರ ಕಾಣುತ್ತಿರಲಿಲ್ಲ. ಯಾರು ಅತ್ತರು, ಯಾಕೆ ಅತ್ತರು ಎಂದು ತಾನೇ ಕಟ್ಟಿಕೊಂಡು ಹೊರಗೆ ಶೇಂಗಾ ಮಾರುವವಳಿಗೆ ಹೇಳುತ್ತಿದ್ದಳು. ಅರವತ್ತೆಂಟನೆಯ ವಯಸ್ಸಿನಲ್ಲಿ ಡಬ್ಲಿನ್‌ನ ಮಗಳ ಮನೆ ಸೇರಿದ ಮೇಲೆ ಎಲ್ಲ ತಿರುಗುಮುರುಗಾಯಿತು. ಚಿತ್ರ ಢಾಳಾಗಿ ಕಾಣುತ್ತಿತ್ತು, ಮಾತು ಒಂದೂ ತಿಳಿಯುತ್ತಿರಲಿಲ್ಲ.

ಶುರುವಾದದ್ದು ಪುಸ್ತಕದಿಂದ. ಹದಿನೈದರ ಮೊಮ್ಮಗಳು ಮಾಧುರಿಯ ಕೋಣೆಯ ತುಂಬ ಮಾಂಗಾ, ಅಂದರೆ ಜಪಾನಿನ ಚಿತ್ರಕಥೆ ಪುಸ್ತಕಗಳು. ಬೇಸಿಗೆ ರಜೆಯ ಒಂದು ಮಧ್ಯಾಹ್ನ ಬಂಗಾರೆವ್ವ ಅದರಲ್ಲೊಂದನ್ನು ಎಡದಿಂದ ಬಲಕ್ಕೆ ತಿರುವಿ ನೋಡಿ ಮುಗಿಸಿದಳು.

"ಛಲೋ ಐತಿ ಕತಿ. ಮೊದಲ ಹುಡುಗ ಹುಡುಗಿ ಕೈಕೈ ಹಿಡಕೊಂಡ್ರು, ಆಮ್ಯಾಲೆ ಜಗಳಾಡಿದ್ರು, ಕಡೀಕ ಒಬ್ಬರಿಗೊಬ್ಬರು ಗುರುತs ಇಲ್ಲ!"

ಮಾಧುರಿ ಹಾಸಿಗೆಯ ಮೇಲೆ ಬಿದ್ದು ಹೊರಳಾಡಿ ನಕ್ಕಳು. "ಅಜ್ಜಿ, ನೋ! ಇದನ್ನ ಬಲಗಡೆಯಿಂದ ಓದ್ಬೇಕು. ನೀವು ಉಲ್ಟಾ ಓದಿದ್ರಿ."

"ಉಲ್ಟಾ ಯಾಕ? ನಮ್ಮ ಕಾಲದಾಗ ಹಿಂಗs ಇತ್ತು. ಮೊದಲ ಮದುವಿ, ಗುರುತು ಪರಿಚಯ ಆಮ್ಯಾಲೆ."

ಅದೇ ಕತೆ ಸಿನಿಮಾ ಆಗಿದೆ ಎಂದು ಮಾಧುರಿ ಟಿವಿ ಹಚ್ಚಿದಳು. ಕೆಳಗೆ ಇಂಗ್ಲಿಷ್ ಅಕ್ಷರ ಓಡುತ್ತಿತ್ತು. ಬಂಗಾರೆವ್ವ ಅದರ ಗೋಜಿಗೇ ಹೋಗಲಿಲ್ಲ. ಹತ್ತು ನಿಮಿಷ ಸುಮ್ಮನೆ ನೋಡಿ, ನಾಯಕಿಗೆ ಗಂಗವ್ವ, ನಾಯಕನಿಗೆ ಈರಣ್ಣ, ಕೂದಲಿಗೆ ಬಣ್ಣ ಹಚ್ಚಿದ ಇನ್ನೊಬ್ಬ ಹುಡುಗನಿಗೆ ಬಸ್ಯಾ ಎಂದು ಹೆಸರಿಟ್ಟು ಹೇಳತೊಡಗಿದಳು. ಗಂಗವ್ವ ಶಾಲೆಯ ಮೆಟ್ಟಿಲ ಮೇಲೆ ಎಡವಿದಳು. "ಬೂಟು ಹೊಸಾವು, ಅಪ್ಪ ಒಂದ ಅಳತಿ ದೊಡ್ಡವು ತಂದಾನ." ಈರಣ್ಣ ಹಿಡಿದುಕೊಂಡ. "ಕೈ ಬಿಡೋ ತಮ್ಮಾ, ಮಾಸ್ತರ ಬಂದ್ರು!" ನಿಜವಾಗಿಯೂ ಮರುಕ್ಷಣ ಮಾಸ್ತರು ಬಂದರು. ಮಾಧುರಿ ಅಕ್ಷರ ಓದುವುದನ್ನೇ ಬಿಟ್ಟು ಅಜ್ಜಿಯ ಬಾಯಿ ನೋಡುತ್ತ ಕೂತಳು.

ಪಕ್ಕದ ಮನೆಯ ಭದ್ರಮ್ಮ, ಹಾಸನದ ಕಡೆಯವಳು, ಕರಿಬೇವು ಕೇಳಲು ಬಂದವಳು ಕರಿಬೇವು ಮರೆತು ಕೊನೆಯವರೆಗೆ ಕೂತಳು. ಸುದ್ದಿ ಹಬ್ಬಿತು. ಮೂರನೆಯ ವಾರಕ್ಕೆ ಬುಧವಾರ ಮಧ್ಯಾಹ್ನದ ಆಟ ಕಾಲೊನಿಯ ಕ್ಲಬ್ ಹೌಸಿಗೆ ಬಂತು. ಕನ್ನಡ ಬಲ್ಲ ಒಂಬತ್ತು ಜನ ಅಜ್ಜಿಯರು, ಚಕ್ಕುಲಿ ಡಬ್ಬಿ, ದೊಡ್ಡ ಪರದೆ, ಪಕ್ಕದಲ್ಲಿ ಕುರ್ಚಿ ಹಾಕಿಕೊಂಡ ಬಂಗಾರೆವ್ವ.

ಐದನೆಯ ಬುಧವಾರ ಭದ್ರಮ್ಮ ಬಾಗಿಲಲ್ಲೇ ಸೊಂಟಕ್ಕೆ ಕೈಯಿಟ್ಟು ನಿಂತಳು. ಹೋದ ವಾರದ ಸಿನಿಮಾವನ್ನು ಮನೆಯಲ್ಲಿ ಸೊಸೆಯಿಂದ ಓದಿಸಿಕೊಂಡು ನೋಡಿಬಿಟ್ಟಿದ್ದಳು.

"ಬಂಗಾರೆವ್ವಾರೇ, ನೀವ್ ಹೇಳಿದ್ದೆಲ್ಲಾ ಸುಳ್ಳಂತಲ್ಲ ಕಣ್ರೀ! ಆ ವಯ್ಯನಿಗೆ ಮಲತಾಯಿನೇ ಇಲ್ವಂತೆ. ನೀವ್ ಮಲತಾಯಿ ಅಂದೋಳು ಬರೀ ಟೀಚರಂತೆ! ನಾನು ಎರಡ್ ದಿನ ಅವಳನ್ನ ಬೈಕೊಂಡ್ ಓಡಾಡಿದ್ನಲ್ಲಾ!"

ಬಂಗಾರೆವ್ವನ ಮುಖ ಸಣ್ಣದಾಯಿತು. "ನನಗ ತಿಳಿದಂಗ ಹೇಳಿದೆ, ಭದ್ರಮ್ಮಾರ. ಇವತ್ತ ನಮ್ಮ ಹುಡುಗಿ ಖರೇ ಓದಿ ಹೇಳ್ತಾಳ" ಎಂದು ಕುರ್ಚಿ ಬಿಟ್ಟುಕೊಟ್ಟು ಹಿಂದಿನ ಸಾಲಿನಲ್ಲಿ ಕೂತಳು.

ಮಾಧುರಿ ಬೆವರುತ್ತ ಶುರುಮಾಡಿದಳು. "ಅವಳು ಹೇಳ್ತಾಳೆ, ಗುಡ್ ಮಾರ್ನಿಂಗ್. ಅವನು... ಅವನೂ ಗುಡ್ ಮಾರ್ನಿಂಗ್. ಈಗ ಅವಳು ಥಿಂಕ್ ಮಾಡ್ತಾ ಇದ್ದಾಳೆ." ಒಬ್ಬರು ಆಕಳಿಸಿದರು. ಇನ್ನೊಬ್ಬರು ಚಕ್ಕುಲಿ ಡಬ್ಬಿ ತೆರೆದರು. "ಈಗ್ಲೂ ಥಿಂಕ್ ಮಾಡ್ತಾ ಇದ್ದಾಳೆ."

ಇಪ್ಪತ್ತು ನಿಮಿಷಕ್ಕೆ ತಡೆಯಲಾರದೆ ಎದ್ದು ನಿಂತವಳು ಭದ್ರಮ್ಮನೇ.

"ಸಾಕು ಕಣ್ ಮಗಾ. ಬಂಗಾರೆವ್ವಾರೇ, ಬನ್ರವ್ವಾ. ನೀವೇ ಸುಳ್ ಹೇಳಿ!"

ಒಂಬತ್ತು ಜನರೂ ಚಪ್ಪಾಳೆ ತಟ್ಟಿದರು. ಬಂಗಾರೆವ್ವ ಬೇಡ ಬೇಡ ಎನ್ನುತ್ತಲೇ ಸೆರಗು ಸರಿಮಾಡಿಕೊಂಡು ಮುಂದೆ ಬಂದಳು. ಮಾಧುರಿಯನ್ನು ಮಾತ್ರ ಬಿಡಲಿಲ್ಲ, ಪಕ್ಕದಲ್ಲೇ ಕೂರಿಸಿಕೊಂಡಳು. ಹುಡುಗಿ ಒಂದು ಸಾಲು ಖರೇ ಹೇಳುವಳು, ಅಜ್ಜಿ ಅದಕ್ಕೆ ಹತ್ತು ಸಾಲು ಕೂಡಿಸುವಳು. ಕೊನೆಗೆ ಶಾಲೆಯ ಮಾಳಿಗೆಯ ಮೇಲೆ ಗಾಳಿ ಬೀಸುತ್ತಿರುವಾಗ ಈ ಸಲದ ಈರಣ್ಣ ಕಣ್ಣು ಮುಚ್ಚಿ, ಮುಷ್ಟಿ ಬಿಗಿದು, ಏನೋ ಕೂಗಿದ.

"ಏನಂದ?" ಬಂಗಾರೆವ್ವ ಪಿಸುಗುಟ್ಟಿದಳು.

"ನೀನಂದ್ರೆ ನಂಗಿಷ್ಟ ಅಂದ."

"ಅಷ್ಟs?"

"ಅಷ್ಟೇ, ಅಜ್ಜಿ."

"ಅಷ್ಟು ಹೇಳಾಕ ಎರಡ ತಾಸ ತಗೊಂಡ್ನs ಭಾಡ್ಯಾ!"

ಕ್ಲಬ್ ಹೌಸು ಬಿದ್ದುಬಿದ್ದು ನಕ್ಕಿತು. ಹೆಸರುಗಳು ಓಡಿ ಪರದೆ ಕಪ್ಪಾದರೂ ಯಾರೂ ಏಳಲಿಲ್ಲ. ಭದ್ರಮ್ಮ ಕಣ್ಣೊರೆಸಿಕೊಳ್ಳುತ್ತ ಕೇಳಿದಳು, "ನಿಮ್ ಯಜಮಾನ್ರು ಯಾವತ್ತಾರ ಹಿಂಗ್ ಹೇಳಿದ್ರಾ?"

"ಒಮ್ಮೆ ಹೇಳಿದ್ರು ಅನಸ್ತೈತಿ" ಎಂದಳು ಬಂಗಾರೆವ್ವ. "ಗಿರಣಿಗೆ ಜ್ವಾಳಾ ಬೀಸಾಕ ಹೋಗಿದ್ವಿ. ಆ ಗದ್ದಲದಾಗ ನನ್ನ ಕಡೆ ತಿರುಗಿ ಏನೋ ಅಂದ್ರು. ಏನಂದ್ರೀ ಅಂತ ಚೀರಿದೆ. ಮಾರಿ ಕೆಂಪಗಾತು. ಏನಿಲ್ಲ, ಹಿಟ್ಟು ಸಣ್ಣ ಬೀಸಾಕ ಹೇಳು ಅಂದ್ರು."

ಭದ್ರಮ್ಮ ಪಕ್ಕದವಳ ಹೆಗಲ ಮೇಲೆ ಒರಗಿದಳು. ಮಾಧುರಿ ಅಜ್ಜಿಯ ಮೊಣಕಾಲು ಹಿಡಿದು ಅಲ್ಲಾಡಿಸಿದಳು. "ಬಟ್ ಅಜ್ಜಿ, ನಿಜವಾಗ್ಲೂ ಏನ್ ಹೇಳಿದ್ರು ತಾತ?"

"ಯಾರಿಗ್ಗೊತ್ತವಾ?" ಬಂಗಾರೆವ್ವ ಬಾಯಿಗೆ ಸೆರಗು ಒತ್ತಿಕೊಂಡಳು. "ರೊಟ್ಟಿ ಮಾತ್ರ ಭಾಳ ಮೆತ್ತಗ ಬಂದಿದ್ವು ಅವತ್ತ."