ಬೇಲಿಯಾಚೆಯಿಂದ ಅಪ್ಪನ ಕನ್ನಡ

ನಮ್ಮ ಮನೆಯಲ್ಲಿ ಯಾರನ್ನೂ ಸುಲಭಕ್ಕೆ ನಂಬುವ ರೂಢಿಯಿಲ್ಲ. ಅಂಪೈರ್‌ಗಳ ವಿಷಯವಂತೂ ಕೇಳಲೇಬೇಡಿ. ತಾತ ಮೈಸೂರು ಕಡೆಯಿಂದ ಮದ್ರಾಸಿನ ರಾಯಪುರಕ್ಕೆ ಬಂದು ಹಾರ್ಬರಿನಲ್ಲಿ ಮೂಟೆ ಹೊತ್ತವರು. ಅಪ್ಪನಿಗೆ ಮಣಲಿಯ ಕಾರ್ಖಾನೆಯಲ್ಲಿ ಗುತ್ತಿಗೆ ಕೆಲಸ. ಭಾನುವಾರ ಬಂತೆಂದರೆ ತಾತ, ಅಪ್ಪ, ಚಿಕ್ಕಪ್ಪ ಮೂವರೂ ಸ್ಟಿಕ್ ಹಿಡಿದು ಮೈದಾನದಲ್ಲಿ. ಹೈಸ್ಕೂಲು ದಾಟಿದವರು ಒಬ್ಬರೂ ಇರಲಿಲ್ಲ, ಹಾಕಿ ಬಾರದವರೂ ಇರಲಿಲ್ಲ.

ಎಂಟನೇ ಕ್ಲಾಸಿನಲ್ಲಿ ಬದಲಿ ಆಟಗಾರ್ತಿಯಾಗಿ ಬೆಂಚಿನಲ್ಲಿ ಕೂತಿದ್ದವಳು ಹನ್ನೊಂದಕ್ಕೆ ಬರುವಾಗ ತಂಡದ ಫಾರ್ವರ್ಡ್ ಆಗಿದ್ದೆ. ನನ್ನ ಗೋಲುಗಳಲ್ಲಿ ಅಪ್ಪನ ಪಾಲೂ ಇತ್ತು. ಬೇಲಿಯಾಚೆ ನಿಂತು ಕನ್ನಡದಲ್ಲಿ ಕೂಗುತ್ತಿದ್ದರು: "ಎಡಕ್ಕೆ ತಿರುಗು", "ಬಲಕ್ಕೆ ನುಗ್ಗು". ಮದ್ರಾಸಿನಲ್ಲಿ ಯಾರಿಗೆ ಅರ್ಥವಾಗುತ್ತೆ ಅನ್ನುವ ಧೈರ್ಯ ಅವರದು.

ಹನ್ನೆರಡನೇ ಕ್ಲಾಸಿನಲ್ಲಿ ಜಿಲ್ಲಾ ತಂಡದ ಆಯ್ಕೆ ಬಂತು. ಹೆಸರು ಬಂದರೆ ಕ್ರೀಡಾ ಕೋಟಾದಲ್ಲಿ ಕಾಲೇಜು ಸೀಟು, ಬರದಿದ್ದರೆ ಅಕ್ಕನ ಹಾಗೆ ಗಾರ್ಮೆಂಟ್ಸ್ ಕೆಲಸ. ಆಯ್ಕೆಯವರು ಕೂತು ನೋಡುತ್ತಿದ್ದ ಪಂದ್ಯ ವೇಲಚೇರಿಯ ಸ್ಕೂಲಿನ ಮೇಲೆ. ಅವರ ಡಿಫೆಂಡರ್ ಒಬ್ಬಳು, ಕುಳ್ಳಗಿನ ಹುಡುಗಿ, ನಾನು ಎತ್ತ ತಿರುಗಿದರೂ ಅಲ್ಲಿ ಮೊದಲೇ ನಿಂತಿರುತ್ತಿದ್ದಳು.

ಅರ್ಧ ಆಟ ಮುಗಿದಾಗ ಚಿಕ್ಕಪ್ಪ ಬೇಲಿಗೆ ಮುಖವಿಟ್ಟು ಪಿಸುಗುಟ್ಟಿದರು. "ನಿಮ್ಮ ಗೋಲ್‌ಕೀಪರ್ ಅತ್ತೆ ಮಗಳು ಅದೇ ಸ್ಕೂಲಲ್ಲಿ ಓದ್ತಾಳಂತೆ. ನಿಮ್ಮವಳೇ ಹೇಳಿಕೊಟ್ಟಿರ್ತಾಳೆ."

"ನಿಮ್ಮ ಪಿ.ಟಿ. ಮಿಸ್ಸೂ ಸರಿಯಿಲ್ಲ," ಅಂದರು ಅಪ್ಪ. "ಆ ಕಡೆ ಕೋಚ್ ಜೊತೆ ಏನು ಅಷ್ಟು ನಗು?"

ನನಗೂ ಅನುಮಾನ ಹತ್ತಿತು. ಆದರೆ ಎತ್ತ ತಿರುಗಬೇಕೆಂದು ಅಪ್ಪ ಕೂಗುವವರೆಗೆ ನನಗೇ ಗೊತ್ತಿರುವುದಿಲ್ಲ. ಗೋಲ್‌ಕೀಪರ್ ಮೊದಲೇ ಏನು ಹೇಳಿಕೊಟ್ಟಾಳು? ಆ ಡಿಫೆಂಡರ್ ನಲ್ಲಿಯ ಹತ್ತಿರ ನೀರು ಕುಡಿಯುತ್ತಿದ್ದಳು. ಪಕ್ಕಕ್ಕೆ ಹೋಗಿ, ಎತ್ತಲೋ ನೋಡುತ್ತಾ ಕನ್ನಡದಲ್ಲೇ ಅಂದೆ: "ದಾರ ಬಿಚ್ಚಿದೆ ನೋಡು."

ಅವಳು ಬಗ್ಗಿ ತನ್ನ ಶೂ ನೋಡಿಕೊಂಡಳು. ಲೇಸು ಗಟ್ಟಿಯಾಗಿಯೇ ಇತ್ತು. ಸಿಕ್ಕಿಬಿದ್ದೆ ಎಂದು ಗೊತ್ತಾಗಿ ನಕ್ಕುಬಿಟ್ಟಳು. ಕನ್ನಡಕ್ಕೆ ತಮಿಳು ಬೆರೆಸಿ ಅಂದಳು: "ಪಾಟಿ ಮನೇಲಿ, ಅಜ್ಜಿ ಮನೇಲಿ ಕನ್ನಡಾನೇ. ನಂಗೆ ಪೇಸೋಕೆ ಸರಿಯಾಗಿ ಬರಲ್ಲ. ಕೇಳಿದ್ರೆ ಎಲ್ಲಾ ತಿಳಿಯತ್ತೆ."

ಅಪ್ಪನಿಗೆ ಹೇಳುವಷ್ಟರಲ್ಲಿ ಸೀಟಿ ಊದಿದರು. ಹೇಳಿದ್ದರೂ ನಂಬುತ್ತಿರಲಿಲ್ಲ. ಕೊನೆಯ ಕೆಲವು ನಿಮಿಷಗಳಲ್ಲಿ ಚೆಂಡು ಸಿಕ್ಕಿತು. "ಬಲಕ್ಕೆ," ಕೂಗಿದರು ಅಪ್ಪ. ಆ ಹುಡುಗಿ ನನ್ನ ಬಲಕ್ಕೆ ವಾಲಿದಳು. ನಾನು ಎಡಕ್ಕೆ ಹೋಗಿ ಹೊಡೆದೆ. ಇಡೀ ಪಂದ್ಯದಲ್ಲಿ ಬಿದ್ದದ್ದು ಅದೊಂದೇ ಗೋಲು.

ಸಂಜೆ ಮೈದಾನದಲ್ಲೇ ಹೆಸರು ಓದಿದರು. ನನ್ನದಿತ್ತು. ಆ ಸೀಟಿನಿಂದಲೇ ನಾನು ನಮ್ಮ ಮನೆಯ ಮೊದಲ ಪದವೀಧರೆ. ಹೇಳಿಕೊಳ್ಳೋಕೆ ನನಗೇನೂ ಸಂಕೋಚವಿಲ್ಲ.

ಅವತ್ತು ಬಸ್ಸಿನಲ್ಲಿ ಅಪ್ಪ ಮುಖ ಗಂಟಿಕ್ಕಿಕೊಂಡೇ ಕೂತಿದ್ದರು.

"ಬಲಕ್ಕೆ ಅಂದ್ನಲ್ಲ. ದೊಡ್ಡೋಳಾಗಿಬಿಟ್ಯಾ?"

ನಡೆದದ್ದನ್ನೆಲ್ಲಾ ಹೇಳಿದೆ. ಚಿಕ್ಕಪ್ಪ, "ಅಷ್ಟು ಹೊತ್ತು ಕೇಳಿಸ್ಕೊಂಡು ಸುಮ್ನಿದ್ಲಾ? ಕಳ್ಳಿ," ಅಂದರು. ಅಪ್ಪ ಏನೋ ಲೆಕ್ಕ ಹಾಕುತ್ತಾ ನನ್ನ ಕಡೆ ತಿರುಗಿದರು.

"ಅವಳ ಹೆಸರೂ ಓದಿದ್ರಾ?"

"ಹ್ಞೂಂ."

"ಸರಿ ಬಿಡು. ಇನ್ಮೇಲೆ ಇಬ್ಬರಿಗೂ ಕೂಗಬಹುದು."